ನಮ್ಮ ಸಭೆಯ ಲೆಂಟ್ ಬುತ್ತಿ: ಉಂಡು ನೋಡಿ ಬರೆದದ್ದು

ಹುಬ್ಬಳ್ಳಿಯಲ್ಲಿ ನಮ್ಮ ಕ್ರೈಸ್ತ ಸಭೆಯ ಸ್ತ್ರೀಸಂಘದವರು ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲದಲ್ಲಿ, ಮಧ್ಯಾಹ್ನದ ಬುತ್ತಿ ಕಟ್ಟಿ ಮನೆಮನೆಗೆ ಮುಟ್ಟಿಸುತ್ತಾರೆ. ಬೂದಿ ಬುಧವಾರ ಶುರು, ಈಸ್ಟರ್ ಹಿಂದಿನ ಶನಿವಾರ ಕೊನೆ, ನಡುವಿನ ಭಾನುವಾರಗಳಿಗೆ ರಜೆ. ಲೆಂಟಿನ ಲೆಕ್ಕದಂತೆಯೇ ಸರಿಯಾಗಿ 40 ಬುತ್ತಿ. ಒಂದಕ್ಕೆ 90 ರೂಪಾಯಿ; ಮೊದಲೇ ಪೂರ್ತಿ ದುಡ್ಡು ಕಟ್ಟಿದರೆ 3,200. ಈ ಸಲ ನಾನೂ ನಮ್ಮ ಯಜಮಾನರೂ ಹೆಸರು ಹಚ್ಚಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ, ನನಗೆ ಬಿಪಿ. ನಾನು ನರ್ಸ್ ಆಗಿ ದುಡಿದು ನಿವೃತ್ತಳಾದವಳು, ಕೊನೆಯ ವರ್ಷಗಳನ್ನು ಡಯಾಲಿಸಿಸ್ ವಾರ್ಡಿನಲ್ಲಿ ಕಳೆದವಳು. ಹಾಗಾಗಿ ಈ ಬುತ್ತಿಯ ರುಚಿಯ ಬಗ್ಗೆಯೂ ಬರೆಯುತ್ತೇನೆ, ಅದು ರೋಗಿಗಳ ಮೈಗೆ ಏನು ಮಾಡುತ್ತದೆ ಅನ್ನುವುದನ್ನೂ ಬರೆಯುತ್ತೇನೆ. ಮುಂದಿನ ವರ್ಷ ತಗೊಳ್ಳಬೇಕೋ ಬೇಡವೋ ಎಂದು ಯೋಚಿಸುವವರಿಗೆ ಎರಡೂ ಬೇಕು.

ಡಬ್ಬಿಯಲ್ಲಿ ಏನಿರುತ್ತದೆ ಅನ್ನುವುದು ಮೊದಲು. ಎರಡು ಜೋಳದ ರೊಟ್ಟಿ. ಒಂದು ಕಾಳು ಪಲ್ಯ: ಮೊಳಕೆ ಬಂದ ಹೆಸರು, ಮಡಿಕೆ, ಅಲಸಂದಿ, ಒಮ್ಮೊಮ್ಮೆ ಹುರುಳಿ. ಒಂದು ತೊಪ್ಪಲು ಪಲ್ಯ: ರಾಜಗಿರಿ, ಸಬ್ಬಸಗಿ, ಪುಂಡಿ, ಕಿರಕಸಾಲಿ, ಸಂತೆಗೆ ಯಾವುದು ತಾಜಾ ಬಂದಿದೆಯೋ ಅದು. ಹಸಿ ತಿನ್ನಲಿಕ್ಕೆ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಎರಡು ಸೀಳು ಉಳ್ಳಾಗಡ್ಡಿ. ಒಂದು ಚಮಚ ಅಗಸಿ ಚಟ್ನಿ ಇಲ್ಲವೆ ಗುರೆಳ್ಳು ಚಟ್ನಿ. ಒಂದು ಸಣ್ಣ ಬಟ್ಟಲು ನವಣೆ ಅನ್ನ, ಅದಕ್ಕೊಂದು ಬೇಳೆ ಸಾರು. ಬಾಟಲಿಯಲ್ಲಿ ಮಜ್ಜಿಗೆ. ಮಾಂಸ, ಮೊಟ್ಟೆ ಇಲ್ಲ, ಕರಿದದ್ದು ಇಲ್ಲ. ಸ್ಟೀಲಿನ ನಾಲ್ಕು ಅಂತಸ್ತಿನ ಡಬ್ಬಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಸಾರು ಕಟ್ಟಿ ಕೊಡುವ ಪದ್ಧತಿ ಇಲ್ಲವೇ ಇಲ್ಲ. ಇದೊಂದಕ್ಕೇ ನಾನು ಅವರಿಗೆ ನಮಸ್ಕಾರ ಹೇಳುತ್ತೇನೆ.

ರೊಟ್ಟಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಯಾಕೆಂದರೆ ಇಡೀ ಬುತ್ತಿಯ ಜೀವ ಅದರಲ್ಲೇ ಇದೆ. ಲೆಂಟ್ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಕಡೆ ಹಿಂಗಾರಿ ಜೋಳದ ರಾಶಿ ನಡೆದಿರುತ್ತದೆ. ಇವರು ತರಿಸುವುದು ವಿಜಯಪುರದ ಕಡೆಯ ಬಿಳಿ ಜೋಳ, ರೈತರು ಮಾಲದಂಡಿ ಅನ್ನುವ ಎಂ 35-1. ವಾರಕ್ಕೆ ಎರಡು ಸಲ ಗಿರಣಿಗೆ ಕಳಿಸಿ ಬೀಸಿಸುತ್ತಾರೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಹರಿಯುತ್ತದೆ. ಚರ್ಚಿನ ಹಿಂದಿನ ಹಾಲ್‌ಗೆ ಅಂಟಿಕೊಂಡ ಅಡುಗೆಮನೆಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದೆ. ಪಾತ್ರೆಯಲ್ಲಿ ಎಸರು ಕೊತಕೊತ ಕುದಿಯುತ್ತಿತ್ತು. ಹಿಟ್ಟಿನ ನಡುವೆ ಕುಳಿ ಮಾಡಿ ಅದನ್ನು ಸುರಿದು, ಮೊದಲು ಸೌಟಿನಿಂದ, ಆಮೇಲೆ ಅಂಗೈಯ ಬುಡದಿಂದ ತಿಕ್ಕಿ ನಾದುತ್ತಾರೆ. "ಎಸರು ಕುದೀಬೇಕ್ರಿ ಸಿಸ್ಟರ್, ಬರೇ ಬಿಸಿ ಆದ್ರ ಸಾಲೂದಿಲ್ಲ" ಎಂದರು ರೊಟ್ಟಿ ಬಡಿಯುವ ಅಕ್ಕಾರು. ಗೋದಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಹಿಡಿದುಕೊಳ್ಳುತ್ತದೆ, ಅದೇ ಇದಕ್ಕೆ ಅಂಟು. ಬಡಿದ ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ, ಒಣ ಹಿಟ್ಟು ಉಳಿಯಬಾರದು ಎಂದು. ತಿರುವಿ ಹಾಕಿ ಅರಿವೆಯಿಂದ ಒತ್ತಿದಾಗ ಅದು ಪೂರ್ತಿ ಉಬ್ಬುತ್ತದೆ. ಎಣ್ಣೆ ಒಂದು ಹನಿ ಇಲ್ಲ, ಉಪ್ಪಿಲ್ಲ. ಮಧ್ಯಾಹ್ನ ಒಂದಕ್ಕೆ ಡಬ್ಬಿ ತೆಗೆದಾಗಲೂ ಮಡಚಿದರೆ ಮುರಿಯದಷ್ಟು ಮೆತ್ತಗೆ ಇರುತ್ತಿತ್ತು. ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಇದಕ್ಕಿಂತ ತೆಳ್ಳಗಿನ ರೊಟ್ಟಿ ಸಿಗಬಹುದು, ಇದಕ್ಕಿಂತ ತಾಜಾ ಹಿಟ್ಟಿನದು ಸಿಗುವುದು ಕಷ್ಟ.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಅಷ್ಟೇ ಪ್ರೋಟೀನ್. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ. ಹಾಗಂತ ಜೋಳ ಎಷ್ಟು ತಿಂದರೂ ನಡೆಯುತ್ತದೆ ಎಂದಲ್ಲ, ಅದರಲ್ಲೂ ಬಹುಪಾಲು ಪಿಷ್ಟವೇ. ಎರಡೇ ರೊಟ್ಟಿ ಕೊಡುವ ಅವರ ನಿಯಮಕ್ಕೆ ಗಂಡಸರ ಗೊಣಗಾಟ ಬಹಳ ಇತ್ತು, ನಮ್ಮ ಮನೆಯಲ್ಲೂ ಇತ್ತು. ನಿಯಮ ಸರಿಯಾಗಿದೆ. ಹಸಿವೆಗೆ ಕಾಳು ಪಲ್ಯ ಹೆಚ್ಚು ಕೇಳಿ, ಕೊಡುತ್ತಾರೆ. ರೊಟ್ಟಿ ಹೆಚ್ಚು ಕೇಳಿದರೆ ಕೊಡುವುದಿಲ್ಲ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ ಹೇಳುವುದೂ ಇದನ್ನೇ: ಧಾನ್ಯದಿಂದ ಬರುವ ಶಕ್ತಿ ದಿನದ ಒಟ್ಟಿನಲ್ಲಿ ಅರ್ಧಕ್ಕಿಂತ ಕೆಳಗಿರಲಿ, ತರಕಾರಿ-ಸೊಪ್ಪು ದಿನಕ್ಕೆ 400 ಗ್ರಾಂ ಇರಲಿ. ನಮ್ಮಲ್ಲಿ ಎಷ್ಟು ಮನೆಗಳ ತಾಟಿನಲ್ಲಿ ಅಷ್ಟು ತೊಪ್ಪಲು ಕಾಣುತ್ತದೆ?

ಈಗ ಇದು ಚರ್ಚಿನ ಕೆಲಸ ಹೇಗೆ ಎಂದು ಕೇಳುವವರಿಗೆ. ನಮ್ಮ ಸಭೆಯಲ್ಲೇ ಹಿರಿಯರೊಬ್ಬರು ಕೇಳಿದರು: "ಆತ್ಮದ ಚಿಂತಿ ಬಿಟ್ಟು ಹೊಟ್ಟಿ ಚಿಂತಿ ಯಾಕವ್ವಾ?" ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ಅದಕ್ಕೇ ಉತ್ತರವನ್ನು ಇಲ್ಲೂ ಬರೆಯುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂತು. ನಮ್ಮ ಪ್ರಾಂತದ ಸಭೆಗಳಿಗೆ ಶಾಲೆ, ಆಸ್ಪತ್ರೆ ಅನ್ನುವವು ಪ್ರಾರ್ಥನೆಯಷ್ಟೇ ಹತ್ತಿರದವು. ರೋಗಿಯ ಗಾಯ ತೊಳೆಯುವುದು ದೇವರ ಸೇವೆ ಎಂದು ನನ್ನ ತಲೆಮಾರಿನ ನರ್ಸುಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ರೋಗ ಬರುವ ಮುಂಚಿನ ಬಾಗಿಲು ಅಡುಗೆಮನೆ, ಅದನ್ನು ನಾವು ಸುವಾರ್ತೆಯ ಹೊರಗೆ ಇಟ್ಟುಬಿಟ್ಟೆವು. ದೇಹ ಪವಿತ್ರಾತ್ಮನ ಗರ್ಭಗುಡಿ ಎಂಬ ಮಾತನ್ನು ಪ್ರಸಂಗದಲ್ಲಿ ಕೇಳಿದಾಗಲೆಲ್ಲ ಅದು ಸಾರಾಯಿ, ಗುಟ್ಕಾ, ಬೀಡಿಯ ವಿರುದ್ಧವೇ ಇರುತ್ತಿತ್ತು. ಅದೇ ಆರಾಧನೆ ಮುಗಿದ ಮೇಲೆ ಪ್ರೇಮ ಭೋಜನಕ್ಕೆ ಡಾಲ್ಡಾ ತೇಲುವ ಬಿರಿಯಾನಿ. ಸಂಜೆ ಮನೆ ಪ್ರಾರ್ಥನೆಗೆ ಹೋದರೆ ಮಿರ್ಚಿ ಭಜಿ, ಮೂರು ಚಮಚ ಸಕ್ಕರೆಯ ಚಹಾ, ಬೇಡ ಅಂದರೆ ಮನೆಯವರಿಗೆ ಬೇಜಾರು. ಪ್ರೀತಿಯಿಂದಲೇ ಕೊಡುತ್ತಾರೆ. ಆ ಪ್ರೀತಿಯನ್ನು ತಿಂದವರ ಕಾಲುಬೆರಳು ಕೊಳೆತು ಬಂದಾಗ ಡ್ರೆಸ್ಸಿಂಗ್ ಮಾಡಿದವಳು ನಾನು.

ಅಪೊಸ್ತಲ ಪೌಲನು ಬೈಬಲಿನಲ್ಲಿರುವ ಪತ್ರದಲ್ಲಿ ಕೊರಿಂಥದ ಸಭೆಯವರಿಗೆ ಆ ಗರ್ಭಗುಡಿಯ ಮಾತು ಬರೆದದ್ದು ಊಟದ ವಿಷಯಕ್ಕಲ್ಲ, ಜಾರತ್ವದ ವಿಷಯಕ್ಕೆ. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡೇ ಮುಂದೆ ಹೋಗಬೇಕು. ಆದರೆ ಅದೇ ಉಸಿರಿನಲ್ಲಿ ಅವನು ನೀವು ನಿಮ್ಮ ಸ್ವಂತದವರಲ್ಲ, ಕ್ರಯ ಕೊಟ್ಟು ಕೊಂಡವರು, ದೇಹದಲ್ಲಿ ದೇವರ ಮಹಿಮೆ ಕಾಣಲಿ ಎಂದೂ ಹೇಳುತ್ತಾನೆ. ನಾಲ್ಕು ಅಧ್ಯಾಯ ದಾಟಿದರೆ ಉಂಡರೂ ಕುಡಿದರೂ ಎಲ್ಲವೂ ದೇವರ ಘನಕ್ಕಾಗಿ ಇರಲಿ ಅನ್ನುತ್ತಾನೆ. ಇನ್ನೊಬ್ಬರ ಆಸ್ತಿ ನೋಡಿಕೊಳ್ಳುವ ಮನೆವಾರ್ತೆಯವನು ಅದನ್ನು ಹಾಳುಗೆಡವಿ ಒಪ್ಪಿಸುವ ಹಾಗಿಲ್ಲ. ನಾನು ಈ ಬುತ್ತಿಯನ್ನು ಅಳೆಯುವುದು ಈ ಕೋಲಿನಿಂದಲೇ. ಇನ್ನೊಂದು ತುದಿಗೂ ಹೋಗಬಾರದು. ಯಾವ ತಿಂಡಿಯೂ ಮನುಷ್ಯನನ್ನು ಅಶುದ್ಧ ಮಾಡುವುದಿಲ್ಲ ಎಂದು ಕರ್ತನಾದ ಯೇಸುವೇ ಹೇಳಿದ್ದಾನೆ. ರೊಟ್ಟಿ ತಿನ್ನುವವನು ಪರಿಶುದ್ಧ, ಪಫ್ ತಿನ್ನುವವನು ಪಾಪಿ ಅನ್ನುವ ಧಾಟಿ ಸಭೆಯೊಳಗೆ ಬಂದರೆ ಅದು ಬೇರೆ ರೋಗ. ಸ್ತ್ರೀಸಂಘದವರು ಊಟದ ಮುಂಚಿನ ಪ್ರಾರ್ಥನೆಯ ಒಂದು ಚೀಟಿ ಇಡುತ್ತಾರೆಯೇ ಹೊರತು ಯಾರನ್ನೂ ಬೈಯುವ ಚೀಟಿ ಇಡುವುದಿಲ್ಲ. ಅದು ನನಗೆ ಹಿಡಿಸಿತು.

ಇನ್ನು ಕೊರತೆಗಳು. ಮೊದಲನೆಯದೇ ದೊಡ್ಡದು. ಲೆಂಟ್ ಶುರುವಿನಲ್ಲಿ ಗೇಟಿನ ಹತ್ತಿರ ಒಂದು ಬೋರ್ಡು ಹಾಕಿದ್ದರು: "ದಾನಿಯೇಲ ಬುತ್ತಿ, 10 ದಿನದಲ್ಲಿ ಶುಗರ್ ಮಾಯ." ಬೈಬಲಿನ ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಹತ್ತು ದಿನ ಕಾಯಿಪಲ್ಯ, ನೀರು ತಗೊಂಡ ನಾಲ್ವರು ಯುವಕರ ಕಥೆ ಇದೆ, ನಿಜ. ಅವರು ಬೇಡ ಅಂದದ್ದು ಅರಸನ ಭೋಜನವನ್ನೂ ದ್ರಾಕ್ಷಾರಸವನ್ನೂ, ಅದರಿಂದ ಅಶುದ್ಧರಾಗಬಾರದು ಎಂದು. ಹತ್ತು ದಿನದ ಮೇಲೆ ಅವರು ಮೈತುಂಬಿಕೊಂಡು ಕಂಡರು ಎಂದಿದೆ. ತೂಕ ಇಳಿಸುವ ಲೆಕ್ಕ ಅಲ್ಲಿಲ್ಲ, ಸಕ್ಕರೆ ಕಾಯಿಲೆಯ ಔಷಧಿ ಅಂತೂ ಇಲ್ಲವೇ ಇಲ್ಲ. ಬೋರ್ಡು ಓದಿ ಮಾತ್ರೆ ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದರು. ಮಾತ್ರೆ ಬಿಡದೆ ಊಟವನ್ನು ಒಮ್ಮೆಲೇ ಇಳಿಸಿದವರಿಗೂ ಅಪಾಯ ಕಡಿಮೆಯಲ್ಲ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಶುಕ್ರವಾರ ಬೆಳಿಗ್ಗೆ ಉಪವಾಸ ಹಿಡಿದು, ಮಧ್ಯಾಹ್ನ ಸಣ್ಣ ಊಟ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ಕೈನಡುಕ, ಕಣ್ಣುಕತ್ತಲೆ. ವಯಸ್ಸಾದವರು ಹಾಗೇ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ನಾನು ಸಂಘದ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿದೆ. ಬೋರ್ಡು ಮರುದಿನವೇ ಇಳಿಯಿತು, ಅದರ ವಾಟ್ಸಾಪ್ ಚಿತ್ರ ಮಾತ್ರ ಇನ್ನೂ ಓಡಾಡುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಇಷ್ಟು ಜನರ ಕಾಯಿಲೆಯ ಬಗ್ಗೆ ಸುಳ್ಳು ಭರವಸೆಯನ್ನು ವೇದವಾಕ್ಯದ ಹೆಸರಿನಲ್ಲಿ ಕೊಡುವುದು ಸಣ್ಣ ತಪ್ಪಲ್ಲ.

ನಮ್ಮ ಯಜಮಾನರ ಮಟ್ಟಿಗೆ ಹೇಳುವುದಾದರೆ, ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ 160ರ ಆಸುಪಾಸಿನಿಂದ 130ರ ಆಸುಪಾಸಿಗೆ ಬಂತು. ಮಾತ್ರೆ ಒಂದನ್ನೂ ಬಿಡಲಿಲ್ಲ, ಸಂಜೆ ವಾಕಿಂಗ್ ಶುರು ಮಾಡಿದರು, ರಾತ್ರಿ ಅನ್ನವನ್ನೂ ಇಳಿಸಿದರು. ಬುತ್ತಿಯ ಪಾಲು ಇದರಲ್ಲಿ ಎಷ್ಟು ಎಂದು ತೂಗಿ ಹೇಳಲಾಗದು. ದಿನದ ನಡುವಿನ ಒಂದು ಊಟ ಹದಕ್ಕೆ ಬಂದರೆ ಉಳಿದೆರಡೂ ಅದರ ಹಿಂದೆ ಬರುತ್ತವೆ ಅನ್ನುವುದನ್ನು ಮಾತ್ರ ಮನೆಯಲ್ಲಿ ಕಂಡೆ.

ಎರಡನೆಯದು ಲಾಡು. ಬುತ್ತಿಯ ಜತೆ ಬೇಕಾದವರಿಗೆ ಶೇಂಗಾ ಲಾಡು, ರಾಗಿ ಲಾಡು ಮಾರುತ್ತಾರೆ, ಪ್ಯಾಕೆಟ್ ಮೇಲೆ "ಸಕ್ಕರೆ ಇಲ್ಲ, ಶುಗರ್ ಇದ್ದವರೂ ತಿನ್ನಬಹುದು" ಎಂದು ಬರೆದಿದ್ದಾರೆ. ಸಕ್ಕರೆ ಇಲ್ಲ, ಬೆಲ್ಲ ಇದೆ. ಬೆಲ್ಲದಲ್ಲೂ ಬಹುಪಾಲು ಅದೇ ಕಬ್ಬಿನ ಸಕ್ಕರೆಯೇ. ಸ್ವಲ್ಪ ಖನಿಜಾಂಶ ಹೆಚ್ಚಿದ್ದ ಮಾತ್ರಕ್ಕೆ ರಕ್ತಕ್ಕೆ ಅದು ಬೇರೆಯಾಗಿ ಕಾಣುವುದಿಲ್ಲ. ಲಾಡು ರುಚಿ ಚೆನ್ನಾಗಿದೆ, ಮಕ್ಕಳಿಗೆ, ಮೈಕೈ ದುಡಿಸುವವರಿಗೆ ಕೊಡಿ. ರಾಗಿಯ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಹುಡುಗಿಯರಿಗೆ ಒಳ್ಳೆಯದು. ಪ್ಯಾಕೆಟ್ ಮೇಲಿನ ಆ ಎರಡನೆಯ ಸಾಲು ಅಳಿಸಬೇಕು. ಹೇಳಿದ್ದೇನೆ, ಹಳೆಯ ಲೇಬಲ್ ಮುಗಿಯಲಿ ಅಂದರು. ಒಪ್ಪುವ ಮಾತಲ್ಲ ಅದು. ಪೆನ್ನು ತಗೊಂಡು ಅಡ್ಡಗೆರೆ ಎಳೆದರೂ ಸಾಕು.

ಉಪ್ಪಿನದೂ ಒಂದು ದೂರು ಇದೆ. ಪಲ್ಯಗಳು ಹದವಾಗಿವೆ, ಚಟ್ನಿಪುಡಿಗಳಲ್ಲಿ ಉಪ್ಪು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿದ ಮಿತಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ನನ್ನಂಥ ಬಿಪಿಯವರು ಆ ಚಟ್ನಿಯನ್ನು ಮೊಸರಿನಲ್ಲಿ ಕಲಸಿ ಅರ್ಧ ಮಾತ್ರ ತಿನ್ನಬೇಕು. ಕಡಿಮೆ ಉಪ್ಪಿನ ಡಬ್ಬಿ ಬೇಕು ಎಂದು ಮೊದಲೇ ಹೇಳಿದರೆ ಮುಚ್ಚಳದ ಮೇಲೆ ನೀಲಿ ದಾರ ಕಟ್ಟಿ ಬೇರೆ ಮಾಡಿ ಕಳಿಸುತ್ತಾರೆ. ಬಹಳ ಜನಕ್ಕೆ ಈ ಅನುಕೂಲ ಗೊತ್ತೇ ಇಲ್ಲ.

ಕಿಡ್ನಿ ತೊಂದರೆ ಇರುವವರು, ಅದರಲ್ಲೂ ಡಯಾಲಿಸಿಸ್ ನಡೆದಿರುವವರು, ಈ ಬುತ್ತಿ ತಗೊಳ್ಳಲೇಬೇಡಿ. ಸೊಪ್ಪು, ಕಾಳು, ಹಸಿ ತರಕಾರಿ ಎಲ್ಲದರಲ್ಲೂ ಪೊಟ್ಯಾಸಿಯಂ ತುಂಬಿದೆ; ಉಳಿದವರಿಗೆ ಒಳ್ಳೆಯದಾದ ಅದೇ ತಾಟು ನಿಮ್ಮ ಹೃದಯದ ಬಡಿತಕ್ಕೆ ಸಂಚಕಾರ. ನಿಮ್ಮ ಸೊಪ್ಪನ್ನು ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ ಅಡುಗೆ ಮಾಡಬೇಕಾಗುತ್ತದೆ, ಎಷ್ಟು ತಿನ್ನಬೇಕು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನೂರಾರು ಡಬ್ಬಿಯ ಅಡುಗೆಮನೆಯಲ್ಲಿ ಅದು ಆಗದ ಕೆಲಸ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಹನ್ನೊಂದೂವರೆಗೆ ಅಡುಗೆ ಮುಗಿಯುತ್ತದೆ. ಡಬ್ಬಿ ತುಂಬುವ ಮೊದಲು ಅಡುಗೆಯ ಹೆಣ್ಣುಮಕ್ಕಳು ಚಾಪೆ ಹಾಸಿ ಕೂತು, ಅದೇ ರೊಟ್ಟಿ, ಅದೇ ಪಲ್ಯ, ಅದೇ ಹಸಿ ಸೊಪ್ಪು ಉಣ್ಣುತ್ತಾರೆ. ಆಮೇಲೆ ಉಳಿದವರಿಗೆ. ಇದು ಸಂಘದ ಬರೆದಿಟ್ಟ ನಿಯಮ, ಗೋಡೆಗೆ ಅಂಟಿಸಿದ್ದಾರೆ. ನಮ್ಮ ಕಡೆ ಅಡುಗೆ ಮಾಡಿದವಳು ಕೊನೆಗೆ, ತಳದಲ್ಲಿ ಉಳಿದ ಸಾರು, ತಣ್ಣಗಿನ ಅನ್ನ ಉಂಡು ಏಳುವುದು ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತದ ಹೆಣ್ಣುಮಕ್ಕಳಲ್ಲಿ 57 ಪ್ರತಿಶತ ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಕೊನೆಗೆ ಉಣ್ಣುವ ಈ ರೂಢಿ ಅದಕ್ಕೆ ಸಂಬಂಧವಿಲ್ಲದ್ದಲ್ಲ. ಸತ್ತಿದ್ದ ಯಾಯಿರನ ಮಗಳನ್ನು ಬದುಕಿಸಿ ಎಬ್ಬಿಸಿದ ಮೇಲೆ ಯೇಸು ಆ ಮನೆಯವರಿಗೆ ಹೇಳಿದ ಮಾತು ನನಗೆ ಯಾವಾಗಲೂ ವಾರ್ಡಿನಲ್ಲಿ ನೆನಪಾಗುತ್ತಿತ್ತು: ಈಕೆಗೆ ಏನಾದರೂ ಊಟಕ್ಕೆ ಕೊಡಿರಿ. ಸತ್ತವಳನ್ನು ಎಬ್ಬಿಸಿದವನಿಗೆ ಅವಳ ಹಸಿವೆಯ ನೆನಪೂ ಇತ್ತು. ಪ್ರವಾದಿ ಎಲೀಯನು ಸಾಯಬೇಕು ಎಂದು ಗಿಡದ ಕೆಳಗೆ ಮಲಗಿದಾಗಲೂ ದೂತನು ಮೊದಲು ತಂದದ್ದು ಉಪದೇಶವಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು. ಅಡುಗೆಯವರು ಮೊದಲು ಉಣ್ಣುವ ಈ ಒಂದು ನಿಯಮಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅವರಿಗೆ ದಿನಗೂಲಿಯನ್ನೂ ಕೊಡುತ್ತಾರೆ. ಸೇವೆ ಎಂದು ಹೇಳಿ ಬಿಟ್ಟಿ ದುಡಿಸಿಕೊಳ್ಳುವುದಿಲ್ಲ. ಅವರಲ್ಲಿ ಮೂವರು ಗಂಡನನ್ನು ಕಳಕೊಂಡವರು.

ಹತ್ತು ಬುತ್ತಿಯ ದುಡ್ಡು ಬಂದರೆ ಒಂದು ಬುತ್ತಿ ಕೊಳ್ಳಲಾಗದ ಮನೆಗೆ ಹೋಗುತ್ತದೆ. ಡಬ್ಬಿ ಅದೇ, ಊಟ ಅದೇ, ದಾರಕ್ಕೂ ಬಣ್ಣದ ಭೇದವಿಲ್ಲ. ಕೊಡುವ ಹುಡುಗನಿಗೂ ಯಾವುದು ಪುಕ್ಕಟೆಯದು ಎಂದು ಗೊತ್ತಿರುವುದಿಲ್ಲ. ಕೊರಿಂಥದ ಸಭೆಯಲ್ಲಿ ಕರ್ತನ ಭೋಜನದ ಹೊತ್ತಿಗೆ ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿದ್ದ ಎಂದು ಪೌಲ ಸಿಟ್ಟಾದದ್ದು ಇಂಥದ್ದೇ ಭೇದಕ್ಕೆ. ಈಗ ಪೇಟೆಯಲ್ಲಿ ಸಿರಿಧಾನ್ಯ ಅಂದರೆ ಉಳ್ಳವರ ತಿಂಡಿ ಎಂಬಂತಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲಂತೂ ಚಂದದ ಪ್ಯಾಕೆಟ್ಟಿನ ನವಣೆ ಅಕ್ಕಿಯ ಮೂರು ಪಟ್ಟು ಬೆಲೆಗೆ ಕೂತಿದೆ. ಒಳ್ಳೆಯ ಊಟ ದೇವರ ಮುಂದಿನ ಹೊಣೆ ಆಗುವುದಾದರೆ, ಕೈಯಲ್ಲಿ ದುಡ್ಡಿಲ್ಲದವರು ಆ ಹೊಣೆ ಹೊರುವುದು ಹೇಗೆ ಎಂಬ ಪ್ರಶ್ನೆಗೆ ಸಭೆಯೇ ಉತ್ತರ ಕೊಡಬೇಕು. ಇವರು ಕೊಟ್ಟಿದ್ದಾರೆ.

ಸಣ್ಣಪುಟ್ಟ ವಿಷಯಗಳು: ಬಿಸಿಲು ಏರಿದ ಮೇಲೆ ಮಾರ್ಚ್ ಕೊನೆಯಲ್ಲಿ ಮೊಳಕೆ ಕಾಳು ಒಂದೆರಡು ಸಲ ಹುಳಿವಾಸನೆ ಬಂದಿತ್ತು, ಫೋನು ಮಾಡಿದಾಗ ದುಡ್ಡು ಹಿಂತಿರುಗಿಸಿದರು. ಕೇಶ್ವಾಪುರದ ಆಚೆಗೆ ಡಬ್ಬಿ ತಡವಾಗಿ ಬರುತ್ತದೆ. ನವಣೆ ಅನ್ನ ಕೆಲವು ದಿನ ಮುದ್ದೆಯಾಗಿರುತ್ತದೆ. ಹಣ್ಣು ಕೊಡುವುದಿಲ್ಲ, ಒಂದು ಪೇರಲ ಹಣ್ಣು ಸೇರಿಸಿ ಬೆಲೆ 100 ಮಾಡಿದರೂ ಜನ ಕೊಡುತ್ತಾರೆ ಅನ್ನುವುದು ನನ್ನ ಎಣಿಕೆ.

ಹೆಸರು ಹಚ್ಚುವವರು ಬೂದಿ ಬುಧವಾರಕ್ಕಿಂತ ಎರಡು ಭಾನುವಾರ ಮೊದಲೇ ಆರಾಧನೆಯ ನಂತರ ಹಾಲ್‌ನಲ್ಲಿ ಸಂಘದವರನ್ನು ಕಾಣಬೇಕು, ಬೇರೆ ಸಭೆಯವರಿಗೂ ಬೇರೆ ಧರ್ಮದವರಿಗೂ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮೊದಲು ನಿಮ್ಮ ಡಾಕ್ಟರಿಗೆ ಹೇಳಿ, ಮೊದಲ ವಾರ ಮನೆಯಲ್ಲೇ ಊಟದ ಮುಂಚೆ ಒಮ್ಮೆ, ಊಟದ ಎರಡು ತಾಸಿನ ಮೇಲೆ ಒಮ್ಮೆ ಸಕ್ಕರೆ ನೋಡಿಕೊಂಡು ಬರೆದಿಡಿ. ಈಸ್ಟರ್ ಆದ ಮೇಲೂ ವಾರಕ್ಕೆ ಮೂರು ದಿನ ಬುತ್ತಿ ಮುಂದುವರಿಸುವ ಮಾತು ನಡೆದಿದೆ. ಕನಿಷ್ಠ ಐವತ್ತು ಹೆಸರು ಬೇಕಂತೆ. ನಮ್ಮ ಮನೆಯ ಎರಡು ಬರೆಸಿ ಬಂದಿದ್ದೇನೆ.